ಗೇಣು ಗೇಣಾಗಿ ಹೋದ ಹಾದಿ

ಹೊಳೆದಂಡೆಯ ಮಠದ ಮುದಿ ಗುರುಗಳನ್ನು ಎಲ್ಲರೂ ಅಜ್ಜಾರು ಅಂತಲೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಶಿಷ್ಯ ಮುರಿಗೆಪ್ಪ ಬುಸುಗುಡುತ್ತ ಅವರ ಮುಂದೆ ಬಂದು ನಿಂತ.

"ಅಜ್ಜಾರ, ಆ ನೀಲವ್ವ ಕೊಡ್ಲಿ ತಂದು ನಮ್ಮ ಬೇಲಿ ಕಡಿಯಾಕ ಹತ್ಯಾಳ್ರೀ. ಇದು ಒತ್ತುವರಿ ಅಲ್ಲೇನ್ರೀ?"

"ಒತ್ತುವರಿ ಅಂದ್ರ ಏನಪಾ?"

"ಮಂದಿ ಜಾಗಾದಾಗ ಹೇಳದ ಕೇಳದ ಹೊಕ್ಕೊಳ್ಳೂದ್ರೀ."

"ನಡಿ, ನೋಡೋಣು."

ಮಠದ ಬೇಲಿಗೂ ಹೊಳೆಯ ಕಡಿದಾದ ದಡಕ್ಕೂ ನಡುವೆ ಒಂದು ಹಾದಿ. ಊರ ದನಗಳು ನೀರಿಗೆ ಹೋಗುವುದು ಅದರಲ್ಲೇ. ಈಗ ಅಲ್ಲಿ ಒಂದು ಆಡು ನಡೆದರೆ ಹೆಚ್ಚು. ದಡದ ಕೆಳಗೆ ನೀಲವ್ವನ ಎಮ್ಮೆ ಕಾಲು ಮುರಿದುಕೊಂಡು ಬಿದ್ದಿತ್ತು. ಊರವರು ಅದನ್ನು ಎಬ್ಬಿಸಲು ಹೆಣಗುತ್ತಿದ್ದರು.

ನೀಲವ್ವ ಕೂಗಾಡುತ್ತಿದ್ದಳು. "ನಮ್ಮವ್ವನ ಕಾಲದಾಗ ಇಲ್ಲಿ ಜೋಡಿ ಎಮ್ಮಿ ಹೋಗತಿದ್ವು ಅಜ್ಜಾರ. ಇವತ್ತ ಒಂದಕ್ಕ ಕಾಲಿಡಾಕ ಜಾಗಾ ಇಲ್ಲ. ಹಾದಿ ಎಲ್ಲಿ ಹೋತು, ಹೇಳ್ರೀ!"

ಗುರುಗಳು ಶಿಷ್ಯನತ್ತ ತಿರುಗಿದರು. "ಬೇಲಿ ಹೆಂಗ ಹಚ್ತೀ?"

"ವರ್ಷಾ ವರ್ಷಾ ಮಳಿಗಾಲಕ್ಕ ಹೊಸಾ ಕಳ್ಳಿ ಊರತೀನ್ರೀ."

"ಹಳೇದು?"

"ಕೀಳಂಗಿಲ್ರೀ. ಜೀವ ಐತಲ್ರೀ, ಪಾಪ ಬರತೈತಿ. ಅದರ ಹೊರಗ ಹೊಸಾದು ಊರತೀನಿ. ಒಂದು ಗೇಣು, ಅಷ್ಟರೀ."

"ಒಳಗ ಯಾಕ ಊರಲಿಲ್ಲ?"

ಮುರಿಗೆಪ್ಪ ಬೇಲಿಯತ್ತ ನೋಡಿದ. ಒಳಗೆ ಅವನ ಹೂದೋಟವಿತ್ತು.

ಗುರುಗಳಿಗೆ ಅಷ್ಟು ಸಿಟ್ಟು ಬಂದದ್ದನ್ನು ಯಾರೂ ಕಂಡಿರಲಿಲ್ಲ. ನೀಲವ್ವನ ಕೈಯಿಂದ ಕೊಡಲಿ ಕಸಿದುಕೊಂಡು ಕಳ್ಳಿಗೆ ಬೀಸತೊಡಗಿದರು. ಕಳ್ಳಿಯ ಹಾಲು ಸಿಡಿದು ಕಾವಿಯ ಮೇಲೆಲ್ಲ ಬಿತ್ತು.

"ಅಜ್ಜಾರ, ಜೀವ ಐತ್ರೀ ಅದಕ್ಕ!"

"ಕಳ್ಳಿ ಜೀವ ಕಂಡೀ, ಎಮ್ಮಿ ಜೀವ ಕಾಣಲಿಲ್ಲೇನು? ಅಹಿಂಸಾದ ಹೆಸರು ಹೇಳಿ ಮಂದಿ ಹಾದಿ ನುಂಗೀಯಲ್ಲೋ, ಹೇಸಿ! ಕಳ್ಳ ಆದ್ರ ಕದ್ದೀನಿ ಅಂತ ಅಂಜತಾನ. ನೀ ಪುಣ್ಯಾ ಮಾಡೀನಿ ಅಂತ ಕುಂತೀ!"

ಮುರಿಗೆಪ್ಪನ ಕಣ್ಣು ತುಂಬಿತು. "ತಪ್ಪಾತ್ರೀ. ನೀಲವ್ವನ ಕಾಲಿಗೆ ಬೀಳತೀನ್ರೀ."

ಗುರುಗಳು ಕೊಡಲಿಯನ್ನು ಅವನ ಕೈಗೆ ತುರುಕಿದರು.

"ಬೀಳಾಕರ ಜಾಗಾ ಎಲ್ಲಿ ಉಳಿಸೀಯೋ? ಮೊದಲ ಹಾದಿ ಬಿಡು."