ಇಪ್ಪತ್ತೊಂದು ದಿನದ ಕಷಾಯ

ಗುರುಗಳಿಗೂ ಕೆಮ್ಮು ಬರುತ್ತದೆ. ಹೊಳೆದಂಡೆಯ ಆಶ್ರಮದ ಮರುಳಯ್ಯನವರಿಗೆ ಬಂದದ್ದು ಒಣಕೆಮ್ಮು.

ಶಿಷ್ಯ ಈರಭದ್ರ ಆಡುಸೋಗೆ ಎಲೆ, ಜ್ಯೇಷ್ಠಮಧು, ಕಾಳುಮೆಣಸು ಕುದಿಸಿ, ಜೇನು ಬೆರೆಸಿ, ದಿನವೂ ಒಂದು ಲೋಟ ಕಷಾಯ ತಂದಿಟ್ಟ. ಇಪ್ಪತ್ತೊಂದನೇ ದಿನ ಕೆಮ್ಮು ನಿಂತಿತು.

"ನೋಡಿದಿರಾ ಗುರುಗಳೇ? ಇನ್ನೇನು ಸಾಕ್ಷಿ ಬೇಕು?"

ಗುರುಗಳು ಅವನನ್ನು ಕಿಟಕಿಯ ಬಳಿ ಕರೆದು, ಹೊರಗಿನ ದಾಸವಾಳದ ಬುಡ ತೋರಿಸಿದರು. ಮಣ್ಣು ಕಪ್ಪಗೆ ಅಂಟಂಟಾಗಿತ್ತು. ಇರುವೆ ಮುತ್ತಿದ್ದವು.

"ದಿನವೂ ಇದಕ್ಕೇ ಸುರಿದೆ. ನಾನು ಒಂದು ಗುಟುಕೂ ಕುಡಿದಿಲ್ಲ."

"ಮತ್ತೆ ಕೆಮ್ಮು ಹೋದದ್ದು ಹೇಗೆ?"

"ಬಂದಿತ್ತು, ಹೋಯಿತು. ದಾಸವಾಳಕ್ಕೂ ಈಗ ಕೆಮ್ಮಿಲ್ಲ."

"ಹಾಗಾದರೆ ಈ ಕಷಾಯ ಸುಳ್ಳೇ?"

"ಅದೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದಾದರೂ ನಿನಗೆ ಗೊತ್ತಾಗಲಿ ಎಂದು ಕಾದೆ."

ಈರಭದ್ರ ನಗಲಿಲ್ಲ. ಲೋಟ ಕೆಳಗಿಟ್ಟು ಹೊಳೆಯ ಕಡೆ ನೋಡಿದ.

"ಯಾಕೋ?"

"ಆಚೆ ದಂಡೆಯಲ್ಲಿ ಹತ್ತಿ ಹಿಂಜುವ ತಿಪ್ಪವ್ವ... ಎರಡು ತಿಂಗಳಿಂದ ಕೆಮ್ಮುತ್ತಿದ್ದಾಳೆ. ಕಫ ಪರೀಕ್ಷೆಗೆ ಬಾ ಎಂದು ಆಸ್ಪತ್ರೆಯವರು ಚೀಟಿ ಕೊಟ್ಟಿದ್ದರು. ಗುರುಗಳಿಗೇ ಇದರಿಂದ ಗುಣವಾಗುತ್ತಿದೆ, ನೀನು ಅಲ್ಲಿಗೆ ಯಾಕೆ ಹೋಗುತ್ತೀ ಎಂದುಬಿಟ್ಟೆ."

"ಯಾವಾಗ?"

"ಹತ್ತು ದಿನವಾಯಿತು."

ಇಬ್ಬರೂ ಹೊಳೆ ದಾಟಿದರು.

ತಿಪ್ಪವ್ವ ಗೋಡೆಗೆ ಒರಗಿ ಕೂತಿದ್ದಳು. ಸೆರಗಿನಲ್ಲಿ ರಕ್ತದ ಕಲೆ.

"ಆಸ್ಪತ್ರೆ ಚೀಟಿ ಎಲ್ಲಿ ತಾಯಿ?"

"ಕಷಾಯ ಕಾಸೂ ಮುಂದ ಒಲಿಗೆ ಹಾಕಿದ್ನಿರಿ ಅಪ್ಪಾರ. ನಿಮ್ಮ ಕೆಮ್ಮ ಇಳದೈತಿ ಅಂದಮ್ಯಾಲ ನಂದೇನು ದೊಡ್ಡದು?" ಎಂದು ನಕ್ಕಳು. ನಗು ಕೆಮ್ಮಾಯಿತು. ಉಸಿರು ಸಿಕ್ಕ ಮೇಲೆ ಕೇಳಿದಳು: "ನಿಮಗ ಪೂರಾ ಆರಾಮ ಆತಿಲ್ರಿ?"

ಗುರುಗಳು ತಲೆಯಾಡಿಸಿದರು. ಅವರಿಗೆ ಪೂರಾ ಆರಾಮವಾಗಿತ್ತು.

ಅಂದೇ ಗಾಡಿ ಮಾಡಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಪರೀಕ್ಷೆ ಮಾಡಿಸಿ ಕ್ಷಯ ಎಂದರು. ತಡವಾಗಿದೆ ಎಂದೂ ಅಂದರು. ಅದಕ್ಕೆ ಪರೀಕ್ಷೆ ಬೇಕಿರಲಿಲ್ಲ. ಮೂರನೇ ದಿನ ತಿಪ್ಪವ್ವ ತೀರಿಕೊಂಡಳು.

ಮಣ್ಣು ಮಾಡಿ ಬರುವಾಗ ಈರಭದ್ರ ಕೇಳಿದ:

"ಕುಡಿಯುತ್ತಿಲ್ಲ ಎಂದು ಮೊದಲ ದಿನವೇ ನನಗೆ ಹೇಳಬಾರದಿತ್ತೇ?"

ಗುರುಗಳು ಹೊಳೆಗಿಳಿದು ಕೈಗೆ ಅಂಟಿದ ಮಣ್ಣು ತೊಳೆದರು.

"ಹೇಳಿದರೆ ಬರೀ ಮಾತಾಗುತ್ತದೆ, ಪಾಠವಾಗುವುದಿಲ್ಲ ಅಂದುಕೊಂಡೆ. ತಿಪ್ಪವ್ವನಿಗೆ ಬರೀ ಮಾತೇ ಸಾಕಾಗುತ್ತಿತ್ತು."