ಸೊಂಟ ಹಿಡಿದವಳು

ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟಿದ್ದ ಚಗಳಿ ಇರುವೆಗಳು ಒಂದು ಬೆಳಿಗ್ಗೆ ನೋಡಿದರೆ, ಗೂಡಿನ ಎಲೆಗಳೆಲ್ಲ ಹಳದಿಯಾಗಿದ್ದವು. ಮರಿಗಳಿಗೆ ಹೊಸ ಗೂಡು ಬೇಕಿತ್ತು. ಹಸಿರೆಲೆ ಇದ್ದದ್ದು ಪಕ್ಕದ ಕೊಂಬೆಯಲ್ಲಿ. ನಡುವೆ ಒಂದು ಇರುವೆಯುದ್ದದ ಅಂತರ.

"ಆ ಎಲೆಯನ್ನು ನಾನು ಎಳೆದು ತರುತ್ತೇನೆ," ಎಂದಳು ಕೆಂಚಿ ಎಂಬ ಇರುವೆ.

"ನಿನ್ನೆ ಆ ಕೊಂಬೆಗೆ ಹಾರಲು ಹೋಗಿ ನೆಲಕ್ಕೆ ಬಿದ್ದವಳು ನೀನೇ ತಾನೆ?" ಎಂದಳು ಅವಳ ಪುಕ್ಕಲು ಗೆಳತಿ ಗಿಡ್ಡಿ. "ಈ ಗೂಡೇ ಇರಲಿ. ಇದುವರೆಗೆ ಏನೂ ಆಗಿಲ್ಲವಲ್ಲ."

"ಇದುವರೆಗೆ ಗಾಳಿ ಬೀಸಿಲ್ಲ. ಇವತ್ತು ನಾನು ಹಾರುವುದಿಲ್ಲ, ಬಾಗುತ್ತೇನೆ. ನೀನು ಕೊಂಬೆಗೆ ಕಾಲೂರಿ ನನ್ನ ಸೊಂಟ ಕಚ್ಚಿ ಹಿಡಿದುಕೋ. ಎಲೆ ಸಿಗದಿದ್ದರೆ ವಾಪಸ್ ಎಳೆದುಕೋ."

ಗಿಡ್ಡಿ ಕಾಲೂರಿ ಕಚ್ಚಿ ಹಿಡಿದಳು. ಮೊದಲ ಸಲ ಎಲೆ ಸಿಗಲಿಲ್ಲ, ಕೆಂಚಿಯನ್ನು ಹಿಂದಕ್ಕೆಳೆದಳು. ಎರಡನೆಯ ಸಲ ಸಿಕ್ಕಿತು. ಸಂಜೆಯ ಗಾಳಿಗೆ ಹಳೆಯ ಗೂಡು ಉದುರಿದಾಗ ಅದರೊಳಗೆ ಯಾರೂ ಇರಲಿಲ್ಲ.

ಹೊಸ ಗೂಡಿನಲ್ಲಿ ಕೆಂಚಿ ಸೊಂಟ ನೀವಿಕೊಳ್ಳುತ್ತ ಕೇಳಿದಳು: "ಅಬ್ಬಾ! ಇಷ್ಟು ಬಿಗಿಯಾಗಿ ಹಿಡಿಯುವುದನ್ನು ಎಲ್ಲಿ ಕಲಿತೆಯೇ?"

"ಕಲಿತದ್ದೇನೂ ಇಲ್ಲ," ಎಂದಳು ಗಿಡ್ಡಿ. "ನನಗೆ ಅಷ್ಟು ಭಯವಾಗಿತ್ತು."