ಹಲಗೆಯ ಕೆಳಮೈ

ಹೊಳೆದಂಡೆಯ ಆಶ್ರಮದಲ್ಲಿ ಅಡುಗೆ ಚೆನ್ನಾಜಮ್ಮನದು. ಮೂವತ್ತು ವರ್ಷ ಈಳಿಗೆಮಣೆಯ ಮೇಲೆ ಕೂತು ತರಕಾರಿ ಹೆಚ್ಚಿದವಳು. ಮಂಡಿ ಮಡಿಸಲಾಗದ ದಿನ ಬಂದಾಗ, ನಿಂತೇ ಹೆಚ್ಚಲೆಂದು ಗುರುಗಳು ಒಂದು ಹಲಗೆ ಮಾಡಿಸಿದರು.

ತೇಗದ್ದಾದರೆ ನೋಡಲು ಚೆನ್ನ ಎಂದಿದ್ದ ಶಿಷ್ಯ ಸದ್ಯೋಜಾತ. ಗುರುಗಳು ಹುಣಸೆಯದನ್ನು ಆರಿಸಿದರು. ಕತ್ತಿಯ ಏಟು ತಿಂದೂ ಮುನಿಯದ ಮರ ಬೇಕು ಎಂದರು.

ಹಲಗೆಯ ಆರೈಕೆ ಸದ್ಯೋಜಾತನ ಪಾಲಿಗೆ ಬಂತು. ದಿನವೂ ತೊಳೆದು ನೆರಳಲ್ಲಿ ಒಣಗಿಸಿದ. ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ತಿಕ್ಕಿದ. ಹಲಗೆ ಮುಖ ಕಾಣುವಷ್ಟು ಹೊಳೆಯಿತು.

ವರ್ಷ ಕಳೆಯಿತು. ಪಲ್ಯದಲ್ಲಿ ಹುರುಳಿಕಾಯಿ ಒಂದು ಉದ್ದ, ಒಂದು ಗಿಡ್ಡ ಬರತೊಡಗಿತು. ಗುರುಗಳಿಗೆ ಉಳಿದಿದ್ದದ್ದು ನಾಲ್ಕೇ ಹಲ್ಲು. ಆದರೂ ಸುಮ್ಮನೆ ಉಣ್ಣುತ್ತಿದ್ದರು.

ಸದ್ಯೋಜಾತನಿಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ, ಅಜ್ಜಿ, ನಿಮ್ಮ ಕೈ ನಡುಗುತ್ತಿದೆ, ಬುದ್ಧಿಯವರಿಗೆ ಅಗಿಯಲು ಆಗುತ್ತಿಲ್ಲ ಎಂದುಬಿಟ್ಟ.

ಚೆನ್ನಾಜಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ನನಗೂ ಹಾಗೇ ಅನಿಸಿತ್ತು ಮಗಾ, ಎಂದಳು.

ಮರುದಿನ ಗಂಟು ಕಟ್ಟಿಕೊಂಡು ಜಗಲಿಯ ಮೇಲೆ ಕೂತಳು. ಮಧ್ಯಾಹ್ನದ ಬಸ್ಸಿಗೆ ತಂಗಿಯ ಮಗಳ ಮನೆಗೆ ಹೋಗುತ್ತೇನೆ, ಇನ್ನು ಬರುವುದಿಲ್ಲ ಎಂದು ಗುರುಗಳಿಗೆ ಹೇಳಿ ಕಳಿಸಿದಳು.

ಗುರುಗಳು ಎದ್ದು, ಸದ್ಯೋಜಾತನನ್ನು ಕರೆದುಕೊಂಡು ಅಡುಗೆಮನೆಗೆ ನಡೆದರು. ಹಲಗೆಯ ಮೇಲೆ ಒಂದು ಹಿಡಿ ಹುರುಳಿಕಾಯಿ ಇಟ್ಟರು.

“ಹೆಚ್ಚು.”

ಸದ್ಯೋಜಾತ ಹೆಚ್ಚಿದ. ಒಂದು ಉದ್ದ ಬಂತು, ಒಂದು ಗಿಡ್ಡ ಬಂತು. ಐದನೆಯದಕ್ಕೆ ಚಾಕು ಜಾರಿ ಬೆರಳಿಗೆ ತಾಗಿತು.

“ನಿನಗೆಷ್ಟು ವಯಸ್ಸು?”

“ಇಪ್ಪತ್ತಾರು, ಬುದ್ಧಿ.”

“ಇಷ್ಟು ಬೇಗ ಕೈ ನಡುಗಬಾರದಿತ್ತು.”

ಗುರುಗಳು ಹಲಗೆಯ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರು. ಎದುರಿನ ಮೂಲೆ ಕೂದಲೆಳೆಯಷ್ಟು ಎದ್ದಿತು. ಬಿಟ್ಟರು. ಟಕ್ಕೆಂದು ಕೂತಿತು.

ಹಲಗೆಯನ್ನು ಮಗುಚಿದರು. ಕೆಳಮೈ ಬೂದಿಬಣ್ಣಕ್ಕೆ ತಿರುಗಿ, ಒಣಗಿ, ತಿರುಚಿಕೊಂಡಿತ್ತು.

“ಈ ಕಡೆಗೆ ಎಣ್ಣೆ?”

“ಅದು ಯಾರಿಗೂ ಕಾಣುವುದಿಲ್ಲವಲ್ಲ, ಬುದ್ಧಿ.”

ಗುರುಗಳು ಆ ಒಣಮೈಯ ಮೇಲೆ ಬೆರಳಾಡಿಸಿದರು. ಸದ್ಯೋಜಾತ ತಲೆ ತಗ್ಗಿಸಿದ.

“ಬಡಗಿಯ ಹತ್ತಿರ ಕೀಸಿಸಿ ಸಮ ಮಾಡಿಸಲೇ?”

“ಒದ್ದೆ ಬಟ್ಟೆ ತಾ.”

ಒಣಗಿದ ಮೈಯನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಮೇಲೊಂದು ಗುಂಡುಕಲ್ಲು ಇಡಿಸಿದರು.

“ಎಷ್ಟು ದಿನ, ಬುದ್ಧಿ?”

“ಅದು ಬಾಯಾರಿದಷ್ಟು ದಿನ. ಈಗ ಜಗಲಿಗೆ ಹೋಗು. ಬಸ್ಸು ಅಷ್ಟು ದಿನ ಕಾಯುವುದಿಲ್ಲ.”

ಸದ್ಯೋಜಾತ ಜಗಲಿಯ ಕೆಳಗೆ ನಿಂತ.

“ಅಜ್ಜಿ, ಅಲುಗಿದ್ದು ಹಲಗೆ. ಅದನ್ನು ಕೆಡಿಸಿದವನು ನಾನು.”

ಚೆನ್ನಾಜಮ್ಮ ಅವನ ಬೆರಳು ನೋಡುತ್ತಿದ್ದಳು.

“ರಕ್ತ ಸೋರ್ತಾ ಇದೆಯಲ್ಲೋ, ಬಾ ಇಲ್ಲಿ.”

ಬೆರಳಿಗೆ ಸುತ್ತಲು ಹಳೆಯ ಸೀರೆಯ ಚೂರು ಬೇಕಿತ್ತು. ಗಂಟು ಬಿಚ್ಚಿದಳು. ಬಸ್ಸು ಬಂತು, ಹೋಯಿತು.

ಹಲಗೆ ಮಲಗಿದ್ದಷ್ಟು ದಿನವೂ ಸದ್ಯೋಜಾತ ಈಳಿಗೆಮಣೆಯ ಮೇಲೆ ಕೂತು ಹೆಚ್ಚಿದ. ಚೆನ್ನಾಜಮ್ಮ ಪಕ್ಕದಲ್ಲಿ ನಿಂತು, ಈ ಚೂರು ಬುದ್ಧಿಯವರಿಗೋ ಆನೆಗೋ ಎಂದು ಕೇಳುತ್ತಿದ್ದಳು.

ಒಂಬತ್ತನೆಯ ದಿನ ಹಲಗೆ ಸಮವಾಗಿ ಕೂತಿತು. ನೆರಳಲ್ಲಿ ಆರಿಸಿ, ಎರಡೂ ಮೈಗೆ ಎಣ್ಣೆ ತಿಕ್ಕಿದ. ಅಂಚುಗಳಿಗೂ ತಿಕ್ಕಿದ. ಚೆನ್ನಾಜಮ್ಮ ಮತ್ತೆ ಅದರ ಮುಂದೆ ನಿಂತಳು.

ಅಂದು ಊಟವಾದ ಮೇಲೆ ಸದ್ಯೋಜಾತ ಗುರುಗಳ ಬಳಿ ಬಂದ. ದನಿ ತಗ್ಗಿಸಿದ.

“ಬುದ್ಧಿ, ಹಲಗೆ ಈಗ ಅಲುಗುವುದಿಲ್ಲ. ನಾನೇ ನೋಡಿದೆ. ಆದರೂ ನಾಲ್ಕಾರು ಚೂರು ಉದ್ದವೇ ಬಂದಿದ್ದವು. ಅಜ್ಜಿಯ ಕೈ ನಿಜಕ್ಕೂ ಸ್ವಲ್ಪ ನಡುಗುತ್ತದೆ.”

“ಗೊತ್ತು.”

“ಅದಕ್ಕೇನು ಮಾಡಲಿ?”

“ಹಲಗೆಯದನ್ನು ನೀನು ಸರಿಮಾಡಿದೆ. ಕೈಯದನ್ನು ನಾನು ನಿಧಾನವಾಗಿ ಅಗಿದು ತಿನ್ನುತ್ತೇನೆ.”